ಜುಬೈಲ್ ಬೆಳೆದದ್ದು ಎಣ್ಣೆಯಿಂದಲೇನಾ?

ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ಕೆಲಸ ಸಿಕ್ಕಿದೆ, 50 ವರ್ಷದ ಹಿಂದೆ ಮರಳುಗಾಡಾಗಿದ್ದ ಜಾಗ ಇಷ್ಟು ದೊಡ್ಡ ಊರಾಗಿದ್ದು ಎಣ್ಣೆ ಸಿಕ್ಕಿದ್ದಕ್ಕಾ ಅಂತ ಕೇಳಿದ್ದೀರಿ. ಅಲ್ಲಿ ಕೆಲವು ವರ್ಷ ಪೈಪಿಂಗ್ ಮೇಂಟೆನೆನ್ಸ್‌ನಲ್ಲಿ ದುಡಿದವನಾಗಿ ಹೇಳುವುದಾದರೆ, ಊರನ್ನು ಬೆಳೆಸಿದ್ದು ಎಣ್ಣೆಗಿಂತ ಜಾಸ್ತಿ ಅದರ ಜೊತೆ ಬರುವ ಗ್ಯಾಸ್.

ಬಾವಿಯಿಂದ ಎಣ್ಣೆ ತೆಗೆದರೆ ಗ್ಯಾಸೂ ಮೇಲೆ ಬರುತ್ತದೆ. ಸೌದಿಯಲ್ಲಿ ದಶಕಗಟ್ಟಲೆ ಅದರಲ್ಲಿ ಬಹುಪಾಲನ್ನು ಸುಮ್ನೆ ಸುಟ್ಟುಬಿಡುತ್ತಿದ್ದರು. 1973ರ ಬಳಿಕ ಎಣ್ಣೆ ಬೆಲೆ ಏರಿ ಸರ್ಕಾರದ ಕೈಯಲ್ಲಿ ದುಡ್ಡು ಆಡತೊಡಗಿತು. 1975ರಲ್ಲಿ ಜುಬೈಲ್ ಮತ್ತು ಕೆಂಪು ಸಮುದ್ರದ ದಂಡೆಯ ಯಾನ್‌ಬು ಊರುಗಳನ್ನು ಕಟ್ಟಲೆಂದೇ ರಾಯಲ್ ಕಮಿಷನ್ ಅನ್ನುವ ಸರ್ಕಾರಿ ಸಂಸ್ಥೆ ಬಂತು. ಮರುವರ್ಷ ಪ್ಲಾಸ್ಟಿಕ್, ರಾಸಾಯನಿಕ ತಯಾರಿಸುವ ಸಾಬಿಕ್ ಕಂಪನಿ. ಗ್ಯಾಸನ್ನು ಹಿಡಿದು ಪೈಪಿನಲ್ಲಿ ತರುವ ಮಾಸ್ಟರ್ ಗ್ಯಾಸ್ ಸಿಸ್ಟಮ್ ಕೂಡ ಆಗಲೇ ಶುರುವಾಯಿತು. ಆ ಗ್ಯಾಸಿನಲ್ಲಿರುವ ಈಥೇನ್‌ನಿಂದ ಎಥಿಲೀನ್ ಅನ್ನುವ ರಾಸಾಯನಿಕ, ಎಥಿಲೀನ್‌ನಿಂದ ಪ್ಲಾಸ್ಟಿಕ್ ಹರಳು. ಬಕೆಟ್, ನೀರಿನ ಪೈಪು ಮಾಡುವವರು ಮೂಟೆಗಟ್ಟಲೆ ಕೊಳ್ಳುತ್ತಾರಲ್ಲ, ಅಂಥದ್ದೇ.

ಹಾಗಂತ ಮೊದಲು ಅಲ್ಲಿ ಏನೂ ಇರಲಿಲ್ಲ ಅನ್ನುವುದು ತಪ್ಪು. ಮೀನು ಹಿಡಿಯುವವರ, ಮುತ್ತು ತೆಗೆಯುವವರ ಹಳೇ ಊರು ಅದು. 1933ರಲ್ಲಿ ಎಣ್ಣೆ ಹುಡುಕಲು ಬಂದ ಅಮೆರಿಕನ್ ಭೂವಿಜ್ಞಾನಿಗಳು ಮೊದಲು ಕಾಲಿಟ್ಟಿದ್ದು ಇಲ್ಲೇ. ಎಣ್ಣೆ ಹೊರಬಿದ್ದಿದ್ದು ಮಾತ್ರ 1938ರಲ್ಲಿ, ದಮ್ಮಾಮ್ ಕಡೆ.

ನನಗೆ ಮೆಚ್ಚುಗೆಯಾಗುವುದು ಕಟ್ಟಿದ ಕ್ರಮ. ಬೆಕ್ಟೆಲ್ ಕಂಪನಿ ಉಸ್ತುವಾರಿಯಲ್ಲಿ ಉಪ್ಪು ಜೌಗಿಗೆ ಮರಳು ತುಂಬಿ ನೆಲ ಎತ್ತರಿಸಿದರು. ಬಂದರು, ರಸ್ತೆ, ನೀರು, ಚರಂಡಿ ಎಲ್ಲಕ್ಕೂ ನಕ್ಷೆಯಲ್ಲೇ ಜಾಗ ಗುರುತಿಸಿಟ್ಟರು. ನಮ್ಮಲ್ಲಿ ಕಾರ್ಖಾನೆ ಶುರುವಾಗಿ ಹತ್ತು ವರ್ಷಕ್ಕೆ ಚರಂಡಿ ನೆನಪಾಗುತ್ತದೆ, ಅಲ್ವಾ?

ಅದರಲ್ಲೂ ಕಡಲ ನೀರಿನ ಕಾಲುವೆ ನೋಡಲೇಬೇಕು. ನದಿ ಅಂತೂ ಇಲ್ಲ, ಪ್ಲಾಂಟ್ ತಣ್ಣಗಾಗಬೇಕಲ್ಲ! ಕಡಲಿನಿಂದ ನೀರು ಪಂಪ್ ಮಾಡಿ ಕಾಲುವೆಯಲ್ಲಿ ಪ್ಲಾಂಟ್‌ಗಳಿಗೆ ಹರಿಸುತ್ತಾರೆ, ಬಿಸಿಯಾದದ್ದನ್ನು ಬೇರೆ ಕಾಲುವೆಯಲ್ಲಿ ವಾಪಸ್ ಬಿಡುತ್ತಾರೆ. ಶಟ್‌ಡೌನ್‌ನಲ್ಲಿ, ಅಂದರೆ ರಿಪೇರಿಗೆಂದು ಪ್ಲಾಂಟ್ ನಿಲ್ಲಿಸಿದಾಗ, ಈ ನೀರಿನಿಂದ ತಣ್ಣಗಾಗಿಸುವ ಹೀಟ್ ಎಕ್ಸ್‌ಚೇಂಜರ್ ಕವರ್ ಬಿಚ್ಚಿದರೆ ಟ್ಯೂಬ್ ಬಾಯಿಗೆ ಚಿಪ್ಪು ಸಿಕ್ಕಿಕೊಂಡಿರುತ್ತಿತ್ತು. ಕ್ಲೋರಿನ್ ಹಾಕಿದರೂ ಬಿಡವು. ಮೂಗಿಗೆ ಮಲ್ಪೆ ಧಕ್ಕೆಯ ವಾಸನೆ! ಕಡಲ ನೀರಿನಿಂದ ಉಪ್ಪು ತೆಗೆದು, ಆ ಸಿಹಿ ನೀರನ್ನು ರಿಯಾದ್‌ವರೆಗೂ ಪೈಪಿನಲ್ಲಿ ಕಳಿಸುತ್ತಾರೆ.

2000ದ ನಂತರ ಜುಬೈಲ್ 2 ಅನ್ನುವ ಎರಡನೇ ಕೈಗಾರಿಕಾ ಪ್ರದೇಶ ಶುರುವಾಯಿತು. ಸೌದಿಯ ಎಣ್ಣೆ ಕಂಪನಿ ಅರಾಮ್ಕೊ ಮತ್ತು ಫ್ರಾನ್ಸಿನ ಟೋಟಲ್ ಸೇರಿ ಕಟ್ಟಿದ, ದಿನಕ್ಕೆ 4 ಲಕ್ಷ ಬ್ಯಾರೆಲ್‌ನ ರಿಫೈನರಿ, ಅರಾಮ್ಕೊ ಅಮೆರಿಕದ ಡೌ ಜೊತೆ ಸೇರಿ ಕಟ್ಟಿದ ಸದಾರಾ ರಾಸಾಯನಿಕ ಕಾರ್ಖಾನೆ, ಎಲ್ಲಾ ಅಲ್ಲೇ.

ಇರಲು ಹೋದರೆ ಎರಡು ಜುಬೈಲ್ ಕಾಣುತ್ತವೆ. ಫನಾತೀರ್ ಕಡೆ ಪಾರ್ಕು, ಬೀಚು, ನೀಟಾದ ಮನೆಗಳು. ಬಲದ್ ಅಂದರೆ ಹಳೇ ಪೇಟೆ. ಶುಕ್ರವಾರ ಸಂಜೆ ಅಲ್ಲಿ ತುಳು, ಬ್ಯಾರಿ, ಮಲಯಾಳ ಎಲ್ಲಾ ಕಿವಿಗೆ ಬೀಳುತ್ತದೆ. ಮಂಗಳೂರು, ಉಡುಪಿ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಪ್ಲಾನ್ ಮಾಡಿದ ಊರಿನ ಸೊಗಸೆಲ್ಲ ಸ್ಟಾಫ್ ಫ್ಯಾಮಿಲಿಗಳ ಪಾಲು. ಪ್ಲಾಂಟ್ ಓಡಿಸುವ ಫಿಟ್ಟರ್, ಸ್ಕ್ಯಾಫೋಲ್ಡರ್‌ಗಳಿಗೆ ಕ್ಯಾಂಪಿನ ರೂಮು, ಬಸ್ಸು, ಅಷ್ಟೇ.

ಸಹಿ ಹಾಕುವ ಮುಂಚೆ ವಸತಿ ಯಾವ ಕಡೆ, ಒಂದು ರೂಮಿಗೆ ಎಷ್ಟು ಜನ ಅಂತ ಬರವಣಿಗೆಯಲ್ಲಿ ಕೇಳಿ. ಶಟ್‌ಡೌನ್‌ಗೆ ಮಾತ್ರ ಕರೆಯುತ್ತಿದ್ದರೆ ಅದು ಮುಗಿದ ಮೇಲೆ ಸಂಬಳ ಏನು ಅಂತಲೂ ಕೇಳಿ.