ಕಾರವಾರ–ಅಂಕೋಲಾ ಲೆಕ್ಕ ಇಲ್ಲಿ ನಡೆಯುವುದಿಲ್ಲ, ತಮ್ಮಾ

ತಮ್ಮಾ, ನಿನ್ನ ಮೆಸೇಜು ಓದಿ ನಗು ಬಂತು. ‘ಆಫೀಸು ದುಬೈ ಮರೀನಾ ಹತ್ತಿರ. ಶಾರ್ಜಾದಲ್ಲಿ ಬಾಡಿಗೆ ಕಡಿಮೆಯಂತೆ. ಮ್ಯಾಪಿನಲ್ಲಿ 35–40 ಕಿಲೋಮೀಟರ್ ತೋರಿಸುತ್ತದೆ, ಕಾರವಾರದಿಂದ ಅಂಕೋಲಾಕ್ಕೆ ಹೋದಷ್ಟೇ ಅಲ್ವಾ?’ ಎಂದು ಕೇಳಿದ್ದೀಯ. 2008ರಲ್ಲಿ ನಾನೂ ಇದೇ ಲೆಕ್ಕ ಹಾಕಿಕೊಂಡು ಬಂದವನು.

ಊಟದ ಚಿಂತೆ ಬೇಡ. ದುಬೈನ ಕರಾಮಾ ಕಡೆ ಹೋದರೆ ಇಡ್ಲಿ, ಅನ್ನ, ಸಾರು ಎಲ್ಲ ಇದೆ. ಕುಚ್ಚಲಕ್ಕಿ, ತೆಂಗಿನಕಾಯಿ ಸಿಗುತ್ತದೆ. ಬಂಗಡೆಯೂ ಸಿಗುತ್ತದೆ, ರುಚಿ ಮಾತ್ರ ಕೇಳಬೇಡ. ಸೆಕೆ ಇದೆ, ಎಸಿಯೂ ಇದೆ. ಊರಿನ ಲೈಸೆನ್ಸ್ ನಡೆಯುವುದಿಲ್ಲ, ಇಲ್ಲಿ ನೆಲೆಸಿದ ಮೇಲೆ ಮತ್ತೆ ಟೆಸ್ಟ್ ಕೊಡಬೇಕು. ದೇವಿಮನೆ ಘಾಟಿಯಲ್ಲಿ ಕಣ್ಣುಮುಚ್ಚಿ ಗಾಡಿ ಓಡಿಸುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದವನು ಇಲ್ಲಿ ಮೂರು ಸಲ ಫೇಲಾದೆ.

ಇನ್ನು ರಸ್ತೆಯ ವಿಷಯ. ಕೆಲಸ ದುಬೈನಲ್ಲಿ, ಅಗ್ಗದ ಮನೆ ಶಾರ್ಜಾದಲ್ಲಿ. ನಿನಗೆ ಹೊಳೆದದ್ದು ಎಲ್ಲರಿಗೂ ಹೊಳೆದಿದೆ. ಬೆಳಿಗ್ಗೆ ಅಷ್ಟೂ ಜನ ಆ ಕಡೆ, ಸಂಜೆ ಅಷ್ಟೂ ಜನ ಈ ಕಡೆ. ಶಿರಸಿ ಮಾರಿಕಾಂಬೆ ಜಾತ್ರೆಯಲ್ಲಿ ಬಿಡಕಿಬೈಲಿನ ಹತ್ತಿರ ಗಾಡಿ ತಿರುಗಿಸಲು ಆಗದೆ ಒದ್ದಾಡಿದ್ದು ನೆನಪಿದೆಯಾ? ಅದು ಎರಡು ವರ್ಷಕ್ಕೊಮ್ಮೆ. ಶಾರ್ಜಾ–ದುಬೈ ನಡುವಿನ ಅಲ್ ಇತ್ತಿಹಾದ್ ರಸ್ತೆಯಲ್ಲಿ ಅದು ದಿನಾ, ಬಳೆ ಅಂಗಡಿ ಒಂದು ಇರುವುದಿಲ್ಲ ಅಷ್ಟೆ. ರಸ್ತೆ ಮಾಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ, ಅದು ಒಪ್ಪಬೇಕು. ಹಾರ್ನ್ ಸದ್ದೂ ಇಲ್ಲ. ಆದರೆ ನಾನು ಬಂದಾಗ ದುಬೈನಲ್ಲಿ ಸುಮಾರು 16 ಲಕ್ಷ ಜನ ಇದ್ದರು, ಈಗ 38 ಲಕ್ಷ ದಾಟಿದೆ. ಎಷ್ಟು ಲೇನ್ ಹಾಕಿದರೂ ತುಂಬುತ್ತದೆ.

ನನ್ನ ಕೆಲಸ ದುಬೈನ ಅಲ್ ಕೂಜ್‌ನಲ್ಲಿತ್ತು. ಆರಕ್ಕೆ ಬಿಟ್ಟರೆ ಶಾರ್ಜಾದ ರೂಮು ಸೇರುವಾಗ ಎಂಟೂವರೆ, ಒಮ್ಮೊಮ್ಮೆ ಒಂಬತ್ತು. ಊರಿನಲ್ಲಿ ಆಗ ಹತ್ತೂವರೆ. ಈ ಒಂದೂವರೆ ತಾಸಿನ ವ್ಯತ್ಯಾಸವನ್ನು ಯಾವ ಮ್ಯಾಪೂ ತೋರಿಸುವುದಿಲ್ಲ. ನಮ್ಮಲ್ಲಿ ಒಂಬತ್ತಕ್ಕೆ ದೀಪ ಆರಿಸುವ ಮನೆ, ನಿನಗೆ ಗೊತ್ತಲ್ಲ. ಆದರೂ ಕಾಲಿಂಗ್ ಕಾರ್ಡ್ ಉಜ್ಜಿ ನಂಬರ್ ಒತ್ತಿದರೆ ನನ್ನ ಆಯಿ ಎರಡನೇ ರಿಂಗಿಗೇ ಎತ್ತುತ್ತಿದ್ದಳು. ‘ಮಲಗಿದ್ದೆಯಾ?’ ಎಂದರೆ ‘ಇಲ್ಲವೋ, ಈಗ ಊಟ ಆಯ್ತು’ ಎನ್ನುತ್ತಿದ್ದಳು. ನಾನು ನಂಬಿದೆ. ನಂಬಿದರೆ ಅನುಕೂಲವಿತ್ತಲ್ಲ.

ಎರಡು ವರ್ಷದ ಮೇಲೆ ರಜೆಗೆ ಹೋದಾಗ ಜಗಲಿಯಲ್ಲಿ ಫೋನಿನ ಸ್ಟೂಲಿನ ಕೆಳಗೆ ಚಾಪೆ, ದಿಂಬು ಸುತ್ತಿಟ್ಟದ್ದು ಕಂಡಿತು. ಯಾಕೆ ಇಲ್ಲಿ ಎಂದು ಕೇಳಿದೆ. ‘ಒಳಗೆ ಸೆಕೆ’ ಎಂದಳು. ಅದು ಡಿಸೆಂಬರ್ ತಿಂಗಳು.

ತಿರುಗಿ ಬಂದವನು ಆರು ತಿಂಗಳು ಅದೇ ಶಾರ್ಜಾದಲ್ಲಿ ಇದ್ದೆ. ಬಾಡಿಗೆ ಉಳಿಯುತ್ತಿತ್ತು, ಮನೆಗೆ ಹೊಸ ಹಂಚು ಹಾಕಿಸುವುದಿತ್ತು. ಆಮೇಲೆ ದುಬೈ ಒಳಗೇ ಬಂದೆ, ಏಳೂವರೆಗೆ ಫೋನ್ ಮಾಡುವಷ್ಟಾಯಿತು. ಮಳೆಗಾಲ ಮುಗಿಯುವುದರೊಳಗೆ ಆಯಿ ಹೋದಳು. ಹಂಚು ಚೆನ್ನಾಗಿದೆ. ಆ ಮನೆಯಲ್ಲಿ ಈಗ ಯಾರೂ ಇಲ್ಲ.

ಹಾಗಾಗಿ ಹೇಳುತ್ತೇನೆ, ಮೆಟ್ರೋದ ಕೆಂಪು ಲೈನಿನ ಬದಿಯಲ್ಲಿ ರೂಮು ನೋಡು. ನಾನು ಬಂದಾಗ ಅದು ಇರಲಿಲ್ಲ, 2009ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಮರೀನಾದ ತನಕ ಹೋಗುತ್ತದೆ. ಶಾರ್ಜಾಕ್ಕೆ ಇಲ್ಲ. ಆ ಲೈನಿನ ಯೂನಿಯನ್, ಅಲ್ ರಿಗ್ಗಾ ಸ್ಟೇಷನ್‌ಗಳ ಕಡೆ ಇಬ್ಬರು ಮೂವರು ಸೇರಿ ಹಿಡಿದರೆ ಸಾಕು. ರೂಮು ಸಣ್ಣದಿರಲಿ. ಅನುಮತಿ ಇಲ್ಲದೆ ಹಲಗೆ ಹೊಡೆದ ಪಾರ್ಟಿಶನ್ ಮಾತ್ರ ಬೇಡ. ಕಾರಿನ ಆಸೆ ಈಗಲೇ ಬೇಡ. ಸಾಲಿಕ್ ಎಂಬ ಟೋಲ್ ಗೇಟ್ ದಾಟಿದಾಗಲೆಲ್ಲ, ದಟ್ಟಣೆಯ ಹೊತ್ತಿನಲ್ಲಿ, 6 ದಿರ್ಹಾಮ್ ಹೋಗುತ್ತದೆ. ವಾಟ್ಸಾಪ್ ಕಾಲ್ ಇಲ್ಲಿ ನಡೆಯುವುದಿಲ್ಲ, ಹೊರಡುವ ಮುಂಚೆ ನಿನ್ನ ಆಯಿಯ ಫೋನಿನಲ್ಲಿ ಬೋಟಿಮ್ ಆ್ಯಪ್ ಹಾಕಿ ಕಲಿಸಿ ಬಾ.

ಅಪ್ಪೆಮಿಡಿ ಉಪ್ಪಿನಕಾಯಿ ತರುವುದಿದ್ದರೆ ಎರಡು ಬಾಟಲಿ ತಾ, ಒಂದು ನನಗೆ. ಬಂದ ಮೇಲೆ ಫೋನ್ ಮಾಡು. ಸಂಜೆ ಆರರಿಂದ ಎಂಟರ ನಡುವೆ ಬೇಡ, ಆಗ ನಾನು ರಸ್ತೆಯಲ್ಲಿರುತ್ತೇನೆ.