ಅಮ್ಮನ ತಾಳಿ ನಾಲ್ಕನೇ ಪುಟದಲ್ಲಿ ಯಾಕೆ?

ಕಳಸದ ಗೆಳೆಯರೇ,

ನಿಮ್ಮ ‘ಸೂಜಿಗಲ್ಲಿನಿಂದ ಎಂಆರ್‌ಐವರೆಗೆ’ ಲೇಖನ ನಮ್ಮ ಪತ್ರಿಕೆಗೆ ತಲುಪಿತು. ಹಾಸನದಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ. ಬೇರೆ ಕೆಲಸ ಇರಲಿಲ್ಲ, ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಇನ್ನೂ ಜಾಸ್ತಿ ಸಿಟ್ಟು ಬಂತು, ಆದರೆ ಬೇರೆ ಕಾರಣಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಇಸವಿಗಳು ಸರಿಯಾಗಿವೆ. 1820ರ ಅರ್‌ಸ್ಟೆಡ್, 1938ರ ರಾಬಿ, 1946ರ ಬ್ಲಾಕ್ ಮತ್ತು ಪರ್ಸೆಲ್, ವಿಜ್ಞಾನಿಗಳೆಲ್ಲರೂ ಅವರವರ ಜಾಗದಲ್ಲಿ ಕೂತಿದ್ದಾರೆ. ಅಕ್ಷರ ದುಂಡಗಿದೆ. ಸಂತೋಷ.

ಈಗ ನಿಮ್ಮ ಮೊದಲ ಸಾಲು. ‘ನಾಲ್ಕು ಸಾವಿರ ವರ್ಷಗಳ ಹಿಂದೆ ಗ್ರೀಸಿನಲ್ಲಿ ಮ್ಯಾಗ್ನೆಸ್ ಎಂಬ ಕುರಿಗಾಹಿಯ ಪಾದರಕ್ಷೆಯ ಮೊಳೆಗಳು ಬಂಡೆಗೆ ಅಂಟಿಕೊಂಡವು.’

ಈ ಕುರಿಗಾಹಿ ನನ್ನ ಮೇಜಿಗೆ ಎಷ್ಟು ಸಲ ಬಂದಿದ್ದಾನೋ ಲೆಕ್ಕ ಇಲ್ಲ. ಆಯಸ್ಕಾಂತದ ಬಗ್ಗೆ ಯಾರೇ ಬರೆದರೂ ಬಾಗಿಲಲ್ಲಿ ಇವನೇ ನಿಂತಿರುತ್ತಾನೆ. ರೋಮಿನ ಪ್ಲಿನಿ ಮೊದಲನೇ ಶತಮಾನದಲ್ಲಿ ಬರೆದಿಟ್ಟ ಕಥೆ ಇದು. ಅವನೂ ಬೇರೆಯವರು ಹೇಳಿದ್ದನ್ನೇ ಬರೆದದ್ದು. ನೀವು ಅದಕ್ಕೆ ನಾಲ್ಕು ಸಾವಿರ ವರ್ಷ ವಯಸ್ಸು ಕಟ್ಟಿದ್ದೀರಿ. ಆಗ ಅಲ್ಲಿ ಕಂಚಿನ ಕಾಲ. ಕತ್ತಿಯೇ ಕಂಚಿನದು, ಇನ್ನು ಕುರಿ ಕಾಯುವವನ ಚಪ್ಪಲಿಗೆ ಕಬ್ಬಿಣದ ಮೊಳೆ ಎಲ್ಲಿಂದ ಬರಬೇಕು?

ಕಥೆ ಕಟ್ಟುಕಥೆ ಅನ್ನೋದು ಒಂದು ಕಡೆ ಇರಲಿ. ನೀವು ಕಳಸದವರು. ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಕುದುರೆಮುಖ. ಅಲ್ಲಿ ಅಗೆಯುತ್ತಿದ್ದದ್ದು ಯಾವ ಅದಿರು? ಮ್ಯಾಗ್ನಟೈಟ್. ಸೂಜಿಗಲ್ಲು ಅಂದರೆ ಅದೇ ಕಲ್ಲಿನ ಜಾತಿ. ಅದನ್ನು ಪುಡಿ ಮಾಡಿ, ಆಯಸ್ಕಾಂತ ಹಿಡಿದೇ ಕಬ್ಬಿಣದ ಪಾಲನ್ನು ಬೇರೆ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನಿಂದ 2005ರ ಕೊನೆಗೆ ಗಣಿ ನಿಂತಿತು. ಅಲ್ಲಿ ಕೆಲಸ ಮಾಡಿದವರು ನಿಮ್ಮ ಬೀದಿಯಲ್ಲೇ ಯಾರಾದರೂ ಇರಬಹುದು. ಹಿತ್ತಲಲ್ಲಿ ಸೂಜಿಗಲ್ಲಿನ ಬೆಟ್ಟ ಇಟ್ಟುಕೊಂಡು ಗ್ರೀಸಿಗೆ ಯಾಕೆ ಹೋದಿರಿ?

ಬೆಳ್ಳುಳ್ಳಿ ಸವರಿದರೆ ಆಯಸ್ಕಾಂತದ ಶಕ್ತಿ ಹೋಗುತ್ತದೆ ಅಂತ ಯುರೋಪಿನಲ್ಲಿ ನೂರಾರು ವರ್ಷ ನಂಬಿದ್ದರು. ಓದಿದವರೇ ಬರೆದರು, ಬರೆದದ್ದನ್ನೇ ಮತ್ತೆ ಓದಿದರು. 16ನೇ ಶತಮಾನದಲ್ಲಿ ಇಟಲಿಯ ಡೆಲ್ಲಾ ಪೋರ್ಟಾ ಸವರಿಯೇ ನೋಡಿದ. ಏನೂ ಆಗಲಿಲ್ಲ. ಬೆಳ್ಳುಳ್ಳಿ ಎಲ್ಲರ ಅಡುಗೆಮನೆಯಲ್ಲೂ ಇತ್ತು, ಅಲ್ವಾ?

ನಾನೂ ಬೆಳ್ಳುಳ್ಳಿ ಪಂಗಡದವನೇ. ಕೆಲಸ ಕಲಿತದ್ದು ಇಲ್ಲಿನ ಒಂದು ವಾರಪತ್ರಿಕೆಯಲ್ಲಿ. ಅದೂ ಮೊಳೆಯದೇ ಕೆಲಸ, ಅಚ್ಚುಮೊಳೆ ಜೋಡಿಸುವ ಕಾಲ. ಶೆಟ್ಟಿಹಳ್ಳಿಯ ಹಳೇ ಇಗರ್ಜಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಕಣ್ಮರೆಯಾಗಿದೆ ಅಂತ ಒಂದು ಗೋಳಿನ ಬರಹ ಬರೆದೆ. ಸಂಪಾದಕರು ಓದಿದರು. ‘ಹೋಗಿದ್ಯೇನೋ?’ ಅಂದರು. ಇಲ್ಲ ಅಂದೆ. ಮಾತಾಡದೆ ಜೇಬಿನಿಂದ ಬಸ್ ಚಾರ್ಜು ತೆಗೆದು ಮೇಜಿನ ಮೇಲಿಟ್ಟರು. ಹೋದೆ. ಕಡು ಬೇಸಿಗೆ, ನೀರು ಎಲ್ಲೋ ದೂರ ಸರಿದಿತ್ತು. ಇಗರ್ಜಿ ಒಣಗಿದ ನೆಲದ ಮೇಲೆ ಆರಾಮಾಗಿ ನಿಂತಿತ್ತು. ಕಮಾನಿನ ನೆರಳಲ್ಲಿ ಮೇಕೆಗಳು ಮಲಗಿದ್ದವು. ವಾಪಸ್ ಬಂದು ಮೇಕೆಗಳ ಬಗ್ಗೆ ಬರೆದೆ, ಅಚ್ಚಾಯಿತು. ಗೋಳಿನ ಹಾಳೆಯಲ್ಲಿ ಅವರು ಬೆರಳಿನ ಸುಣ್ಣ ಒರೆಸಿಕೊಂಡರು.

ಇರಲಿ. ಮೂರನೇ ಪುಟಕ್ಕೆ ಬರೋಣ. ‘ಯಂತ್ರದ ಪ್ರಬಲ ಆಯಸ್ಕಾಂತವು ರಕ್ತದಲ್ಲಿನ ಕಬ್ಬಿಣವನ್ನು ಸೆಳೆದು ಅಂಗಾಂಗಗಳ ಚಿತ್ರ ಮೂಡಿಸುತ್ತದೆ.’ ಒಂದೇ ಸಾಲು, ಮೂರು ಕಡೆ ಕೆಂಪು ಗೆರೆ ಎಳೆದಿದ್ದೇನೆ.

‘ಪ್ರಬಲ’. ಇದು ಚುನಾವಣೆ ಸುದ್ದಿಯ ಪದ. ಎಷ್ಟು ಅಂತ ಹೇಳಿ. ಸಾಮಾನ್ಯ ಎಂಆರ್‌ಐ ಯಂತ್ರ 1.5 ಟೆಸ್ಲಾದ್ದು, ಟೆಸ್ಲಾ ಅಂದರೆ ಆಯಸ್ಕಾಂತದ ಬಲದ ಅಳತೆ. ನಮ್ಮ ಕಾಲ ಕೆಳಗಿನ ಭೂಮಿಯ ಆಯಸ್ಕಾಂತಕ್ಕಿಂತ 30 ಸಾವಿರ ಪಟ್ಟಿಗೂ ಜಾಸ್ತಿ. ಅದರ ತಂತಿಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ರೋಗಿ ಎದ್ದು ಹೋದರೂ ಆಯಸ್ಕಾಂತ ಆರುವುದಿಲ್ಲ.

‘ರಕ್ತದಲ್ಲಿನ ಕಬ್ಬಿಣ’. ಇಡೀ ಮೈಯಲ್ಲಿ ಇರುವುದೇ ಮೂರ್ನಾಲ್ಕು ಗ್ರಾಂ. ಅದರಲ್ಲಿ ಹೆಚ್ಚಿನದು ಹಿಮೋಗ್ಲೋಬಿನ್ ಒಳಗೆ ಸೇರಿಕೊಂಡಿದೆ, ಮೊಳೆಯ ಹಾಗೆ ನಡೆದುಕೊಳ್ಳುವುದಿಲ್ಲ. ಆಮ್ಲಜನಕ ತುಂಬಿದ ರಕ್ತ ಆಯಸ್ಕಾಂತದಿಂದ ಚೂರು ದೂರವೇ ಸರಿಯುತ್ತದೆ ಅಂತ 1936ರಲ್ಲೇ ಅಮೆರಿಕದ ವಿಜ್ಞಾನಿಗಳಾದ ಪೌಲಿಂಗ್ ಮತ್ತು ಕೊರ್ಯೆಲ್ ತೋರಿಸಿದ್ದರು.

‘ಸೆಳೆದು’. ಇಲ್ಲಿ ಯಾರೂ ಯಾರನ್ನೂ ಸೆಳೆಯುತ್ತಿಲ್ಲ. ಯಂತ್ರ ಹುಡುಕುವುದು ನೀರನ್ನು, ನೀರಿನಲ್ಲಿರುವ ಹೈಡ್ರೋಜನ್ ಅನ್ನು. ಕೊಬ್ಬಿನಲ್ಲಿರುವುದನ್ನೂ ಸೇರಿಸಿ. ಹೈಡ್ರೋಜನ್ ಪರಮಾಣುವಿನ ನಡುವಿನ ಬೀಜ ಒಂದು ಪುಟ್ಟ ಆಯಸ್ಕಾಂತ. ದೊಡ್ಡ ಆಯಸ್ಕಾಂತದ ಒಳಗೆ ಬಂದಾಗ ಅದು ಬುಗುರಿಯ ಹಾಗೆ ತಲೆ ತಿರುಗಿಸುತ್ತದೆ. 1.5 ಟೆಸ್ಲಾದಲ್ಲಿ ಸೆಕೆಂಡಿಗೆ ಸುಮಾರು 6.4 ಕೋಟಿ ಸುತ್ತು. ಸರಿಯಾಗಿ ಅದೇ ಲಯದ ರೇಡಿಯೋ ಅಲೆ ಕಳಿಸಿದರೆ ಬುಗುರಿ ವಾಲುತ್ತದೆ. ಅಲೆ ನಿಲ್ಲಿಸಿದರೆ ಅದೇ ಲಯದಲ್ಲಿ ಉತ್ತರ ಕೊಡುತ್ತಾ ಮತ್ತೆ ನೆಟ್ಟಗಾಗುತ್ತದೆ. ಮಿದುಳಿನ ನೀರು ಒಂದು ವೇಗದಲ್ಲಿ, ಗೆಡ್ಡೆಯ ನೀರು ಇನ್ನೊಂದು ವೇಗದಲ್ಲಿ. ಆ ವ್ಯತ್ಯಾಸವೇ ಚಿತ್ರವಾಗುವುದು.

ಆದರೆ ಉತ್ತರ ಎಲ್ಲಿಂದ ಬಂತು ಅಂತ ತಿಳಿಯಬೇಕಲ್ಲ? ಅಮೆರಿಕದ ವಿಜ್ಞಾನಿ ಲಾಟರ್‌ಬರ್ ಮಾಡಿದ ಉಪಾಯ ಇದೇ. ಆಯಸ್ಕಾಂತದ ಬಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದರೆ ಮೈಯ ಒಂದೊಂದು ಜಾಗಕ್ಕೆ ಒಂದೊಂದು ಶ್ರುತಿ. ಶ್ರುತಿ ಕೇಳಿದರೆ ಜಾಗ ಸಿಕ್ಕಿತು. 1973ರಲ್ಲಿ ‘ನೇಚರ್’ನಲ್ಲಿ ಬಂದ ಬರಹ. ಪತ್ರಿಕೆ ಮೊದಲು ಅದನ್ನು ವಾಪಸ್ ಕಳಿಸಿತ್ತು. ನಿಮ್ಮನ್ನು ಸಮಾಧಾನ ಮಾಡಲು ಹೇಳುತ್ತಿಲ್ಲ, ನಿಮ್ಮದು ವಾಪಸ್ ಬರುತ್ತಿರುವುದು ಬೇರೆ ಕಾರಣಕ್ಕೆ.

ಇನ್ನು ಎರಡನೇ ಸಿಟ್ಟು. ನಾಲ್ಕನೇ ಪುಟದ ತಳದಲ್ಲಿ ಹೀಗಿದೆ. ‘ಹಾಸನದಲ್ಲಿ ಅಮ್ಮನಿಗೆ ಸ್ಕ್ಯಾನ್ ಮಾಡಿಸುವಾಗ ಅವರು ತಾಳಿ ಬಿಚ್ಚಲು ಒಪ್ಪಲಿಲ್ಲ. ಅತ್ತಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿದ ಮೇಲೆ ಒಳಗೆ ಹೋದರು. ಯಂತ್ರ ಹಳೆಯದಿರಬೇಕು, ಬಹಳ ಸದ್ದು.’ ಮುಂದಿನ ಸಾಲಲ್ಲೇ ಎಂಆರ್‌ಐಗೆ ಬಂದ 2003ರ ನೊಬೆಲ್!

ರೀ, ಎರಡು ಸಾವಿರ ವರ್ಷದ ಆಯಸ್ಕಾಂತದ ಕಥೆ ಬಂದು ನಿಮ್ಮ ಅಮ್ಮನ ಕೊರಳಲ್ಲಿ ನಿಂತಿದೆ, ನೀವು ದಾಟಿಕೊಂಡು ಹೋಗಿದ್ದೀರಿ. ಅರಿಶಿನದ ಕೊಂಬು ಎಲ್ಲಿ ಸಿಕ್ಕಿತು? ಅತ್ತಿಗೆ ಮನೆಯಿಂದಲೇ ತಂದಿದ್ದರೋ, ಆಸ್ಪತ್ರೆ ಎದುರಿನ ಅಂಗಡಿಗೆ ಓಡಿದರೋ? ಅಷ್ಟು ಹೊತ್ತು ತಾಳಿ ಯಾರ ಕೈಯಲ್ಲಿತ್ತು? ಚಿನ್ನವನ್ನು ಆಯಸ್ಕಾಂತ ಎಳೆಯಲ್ಲ ಅಂತ ಅಮ್ಮ ವಾದ ಮಾಡಿದ್ದರೆ ತಪ್ಪೇನಿಲ್ಲ. ಆದರೆ ಲೋಹ ಬಿಸಿಯಾಗಬಹುದು, ಸುತ್ತಲಿನ ಚಿತ್ರ ಕೆಡಬಹುದು, ಕೊಂಡಿಯಲ್ಲಿ ಬೇರೆ ಲೋಹ ಬೆರೆತಿರಬಹುದು. ಇದನ್ನು ಅಲ್ಲಿ ಯಾರಾದರೂ ಅವರಿಗೆ ಬಿಡಿಸಿ ಹೇಳಿದರಾ?

ಆ ಸದ್ದಿಗೂ ಯಂತ್ರದ ವಯಸ್ಸಿಗೂ ಸಂಬಂಧ ಇಲ್ಲ. ಈಗ ಹೇಳಿದೆನಲ್ಲ, ಬಲ ಏರಿಸುವ ಇಳಿಸುವ ಸುರುಳಿಗಳು, ಅವುಗಳಲ್ಲಿ ಕರೆಂಟು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆಗ ದೊಡ್ಡ ಆಯಸ್ಕಾಂತ ಅವುಗಳನ್ನು ಅದುರಿಸುತ್ತದೆ, ಟಕಟಕ ಬಡಿದ ಹಾಗೆ ಕೇಳುತ್ತದೆ. ನೀವು ಪುಸ್ತಕ ನೋಡಿ ಬರೆದ ಲಾಟರ್‌ಬರ್ ಉಪಾಯವನ್ನು ಅಮ್ಮ ಮಲಗಿಕೊಂಡು ಕಿವಿಯಲ್ಲೇ ಕೇಳಿದ್ದಾರೆ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಕುರಿಗಾಹಿಯನ್ನು ಮನೆಗೆ ಕಳಿಸಿ. ತಾಳಿಯಿಂದ ಶುರು ಮಾಡಿ. ಆ ನೊಬೆಲ್ ಯಾರಿಗೆ ಸಲ್ಲಬೇಕಿತ್ತು ಅನ್ನೋ ಜಗಳದ ಐದನೇ ಪುಟ ಬೇಡ. ದೀಪಾವಳಿಯ ಒಳಗೆ ಬಂದರೆ ಜಾಗ ಇಟ್ಟಿರುತ್ತೇನೆ.

ಇನ್ನೊಂದು. ಅಮ್ಮನ ರಿಪೋರ್ಟ್ ಏನು ಬಂತು ಅಂತ ಐದು ಪುಟದಲ್ಲಿ ಎಲ್ಲೂ ಬರೆದಿಲ್ಲ. ಲೇಖನ ತಡವಾದರೂ ಪರವಾಗಿಲ್ಲ, ಅದನ್ನು ಮಾತ್ರ ಮೊದಲು ಒಂದು ಕಾರ್ಡಿನಲ್ಲಿ ತಿಳಿಸಿ.