ಸೌದೆ ಕೊಟ್ಟಿಗೆಯಲ್ಲಿ ಕೇರೆ ಹಾವು: ಓಡಿಸಬೇಕಾ, ಇರಲಿ ಅನ್ನಬೇಕಾ?

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹಾವಿನ ವಿಷಯವೇ ಜಾಸ್ತಿ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಒಂಟಿ ಮನೆ. ಹಿಂದೆ ಅಡಿಕೆ ತೋಟ, ಪಕ್ಕದಲ್ಲಿ ಸೌದೆ ಕೊಟ್ಟಿಗೆ. ಎರಡು ತಿಂಗಳಿಂದ ಅಲ್ಲೊಂದು ಹಾವು ಓಡಾಡುತ್ತಿದೆ, ಆರಡಿಗೆ ಕಮ್ಮಿ ಇಲ್ಲ. ಕೇರೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಅತ್ತೆಯಂತೂ ಸೌದೆ ತರಲು ಹೋಗುವುದನ್ನೇ ಬಿಟ್ಟಿದ್ದಾರೆ. ಕೇರೆ ಬಾಲದಲ್ಲಿ ಹೊಡೆದರೆ ಆ ಜಾಗ ಕೊಳೆಯುತ್ತದಂತೆ, ಕೇರೆ ಇದ್ದಲ್ಲಿಗೆ ನಾಗರ ಜೋಡಿಗೆ ಬರುತ್ತದಂತೆ. ಮೈದುನ ಹೊಡೆದು ಹಾಕೋಣ ಅನ್ನುತ್ತಾನೆ, ಯಜಮಾನರು ಹಿಡಿಸಿ ದೂರದ ಕಾಡಿಗೆ ಬಿಡಿಸೋಣ ಅನ್ನುತ್ತಾರೆ. ಏನು ಮಾಡಲಿ ಸರ್?

ಉತ್ತರ: ಏನೂ ಮಾಡಬೇಡಿ ತಾಯಿ. ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ. ಮೈದುನನಿಗೂ, ಯಜಮಾನರಿಗೂ ಇದನ್ನೇ ಓದಿ ಹೇಳಿ.

ಮೊದಲು ಅದು ಕೇರೆಯೇ ಹೌದಾ ನೋಡಿಕೊಳ್ಳೋಣ. ಹತ್ತಿರ ಹೋಗಬೇಡಿ, ದೂರದಿಂದ ಮೊಬೈಲಲ್ಲಿ ಜೂಮ್ ಮಾಡಿ ಫೋಟೋ ತೆಗೆಯಿರಿ. ಕೇರೆಯ ಕಣ್ಣು ದೊಡ್ಡದು. ತುಟಿಯ ಮೇಲೆ ಸಣ್ಣ ಸಣ್ಣ ಕಪ್ಪು ಗೀಟುಗಳು ಇರುತ್ತವೆ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಮೈಯ ಹಿಂಭಾಗದಲ್ಲಿ, ಬಾಲದ ಕಡೆ, ಕಪ್ಪು ಅಡ್ಡಪಟ್ಟಿಗಳು ಕಾಣುತ್ತವೆ. ಹೆಡೆ ಬಿಚ್ಚುವುದಿಲ್ಲ. ಗಾಬರಿಯಾದರೆ ಕತ್ತು ಉಬ್ಬಿಸಿ ಗುರ್ ಅನ್ನುತ್ತದೆ, ಆದರೆ ಅದರ ಮೊದಲ ಆಸೆ ಓಡಿಹೋಗುವುದು. ನಾಗರ ಕೂಡ ಹೆಡೆ ಎತ್ತದೆ ಹರಿದು ಹೋಗುವಾಗ ಕೇರೆಯಂತೆಯೇ ಕಾಣುತ್ತದೆ, ಅದಕ್ಕೇ ಇಷ್ಟು ಹೇಳಿದ್ದು. ಖಾತ್ರಿ ಆಗದಿದ್ದರೆ ಆ ಫೋಟೋವನ್ನು ನಿಮ್ಮ ಕಡೆಯ ತರಬೇತಾದ ಉರಗ ರಕ್ಷಕರಿಗೆ ಕಳಿಸಿ ಕೇಳಿ.

ಕೇರೆ ಅಂತ ಖಾತ್ರಿಯಾದರೆ ಅತ್ತೆಗೆ ಹೀಗೆ ಹೇಳಿ. ಅದರ ಹಲ್ಲಲ್ಲಿ ವಿಷವಿಲ್ಲ, ಬಾಲದಲ್ಲೂ ಇಲ್ಲ. ಹಿಡಿದರೆ ಬಾಲ ಬಡಿದಾಡುತ್ತದೆ ನಿಜ, ಅದರಿಂದ ಮೈ ಕೊಳೆಯುವುದಿಲ್ಲ. ನಾಗರ ಮತ್ತು ಕೇರೆ ಬೇರೆ ಬೇರೆ ಜಾತಿ, ಅವು ಜೋಡಿಯಾಗುವುದಿಲ್ಲ. ಎರಡು ಹಾವು ಹಗ್ಗದಂತೆ ಹೊಸೆದುಕೊಂಡು ಎದ್ದು ನಿಂತಿದ್ದನ್ನು ನೋಡಿ ನಮ್ಮೂರಿನ ಜನ ಕೈ ಮುಗಿಯುತ್ತಾರೆ, ಮೇಲೆ ಬಟ್ಟೆ ಹಾಕುತ್ತಾರೆ. ಹೆಚ್ಚಿನ ಸಲ ಅವು ಎರಡೂ ಗಂಡು ಕೇರೆಗಳು. ಹೆಣ್ಣಿಗಾಗಿ ಒಂದನ್ನೊಂದು ನೆಲಕ್ಕೆ ಒತ್ತುವ ಪೈಪೋಟಿ ಅದು.

ಹಾಗಾದರೆ ಅದು ನಿಮ್ಮ ಸೌದೆ ಕೊಟ್ಟಿಗೆಯಲ್ಲೇ ಯಾಕಿದೆ? ಇಲಿ ಇದೆ, ಅದಕ್ಕೆ ಇದೆ. ಇಲಿಯ ಲೆಕ್ಕ ಸ್ವಲ್ಪ ಕೇಳಿ. ಹೆಣ್ಣಿಲಿ ಗಬ್ಬ ಆಗಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಎರಡು ಮೂರು ತಿಂಗಳಿಗೆ ತಾವೇ ಮರಿ ಹಾಕಲು ತಯಾರು. ಬೆಕ್ಕು ಹೊರಗೆ ಬಂದ ಇಲಿಯನ್ನು ಮಾತ್ರ ಹಿಡಿಯುತ್ತದೆ. ಹಾವು ಬಿಲದೊಳಗೇ ಹೋಗುತ್ತದೆ, ಮರಿಗಳ ಸಮೇತ ಖಾಲಿ ಮಾಡುತ್ತದೆ. ಈ ಕೆಲಸ ಮಾಡುವ ಪ್ರಾಣಿ ನಮ್ಮ ಮನೆ ಸುತ್ತ ಬೇರೆ ಯಾವುದಿದೆ ಹೇಳಿ?

ನಾನು ಇದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ನಮ್ಮ ಕೊಟ್ಟಿಗೆಯಲ್ಲಿ ಹಿಂಡಿ ಚೀಲ ಇಡುವ ಮೂಲೆ. ಬೆಳಿಗ್ಗೆ ಹತ್ತು ಗಂಟೆ ಇರಬಹುದು, ಕೇರೆ ಹಗಲು ಹೊತ್ತೇ ಓಡಾಡುವ ಹಾವು. ಗೋಡೆ ಬುಡದ ಬಿಲಕ್ಕೆ ತಲೆ ಹಾಕಿತು, ನಿಧಾನಕ್ಕೆ ಅರ್ಧ ಮೈ ಒಳಗೆ ಹೋಯಿತು, ಹೊರಗಿದ್ದ ಬಾಲ ಮಾತ್ರ ಆಗಾಗ ನಡುಗುತ್ತಿತ್ತು. ಇನ್ನೊಂದು ತೂತಿನಿಂದ ಹೆಗ್ಗಣದಷ್ಟು ದೊಡ್ಡ ಇಲಿ ಹಾರಿ ಹೊರಗೆ ಬಿತ್ತು. ಹಾವು ತಿರುಗಿದ್ದು ನನಗೆ ಕಾಣಲೇ ಇಲ್ಲ, ಅಷ್ಟು ಚುರುಕು. ಹೆಬ್ಬಾವಿನ ಹಾಗೆ ಸುತ್ತಿ ಹಿಂಡಲಿಲ್ಲ, ಬಾಯಲ್ಲಿ ಕಚ್ಚಿ, ಮೈಯಿಂದ ಇಲಿಯನ್ನು ಗೋಡೆಗೆ ಒತ್ತಿ ಹಿಡಿದು, ಹಾಗೇ ನುಂಗತೊಡಗಿತು. ನಾನು ಹಾಲಿನ ಪಾತ್ರೆ ಹಿಡಿದುಕೊಂಡು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇಲಿ ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದು ನಿಮಗೇ ಗೊತ್ತು. ಎಳನೀರು ತೂತು, ಕೋಕೋ ಕಾಯಿ ತೂತು, ಪಣತದ ಭತ್ತ ಖಾಲಿ. ಅದರ ಮೇಲೆ ಇಲಿ ಜ್ವರ. ಇಲಿಯ ಉಚ್ಚೆ ಸೇರಿದ ನೀರಲ್ಲಿ, ಕೆಸರಲ್ಲಿ ಗಾಯದ ಕಾಲಿಟ್ಟು ಕೆಲಸ ಮಾಡುವವರಿಗೆ ಅದು ಬರುತ್ತದೆ, ಮಳೆಗಾಲದಲ್ಲೇ ಜಾಸ್ತಿ. ಪಾಷಾಣ ಇಟ್ಟರೆ ಆ ಇಲಿಯನ್ನು ತಿಂದ ಬೆಕ್ಕು, ಗೂಬೆಗಳಿಗೂ ವಿಷ ಏರಬಹುದು.

ಇನ್ನು ಒಂದು ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕೇರೆ ಇದ್ದರೆ ನಾಗರ ಹತ್ತಿರ ಸುಳಿಯುವುದಿಲ್ಲ ಅಂತಲೂ ಕೆಲವರು ಹೇಳುತ್ತಾರೆ. ಅದೂ ನಿಜವಲ್ಲ. ನಾಗರವೂ ಬರುವುದು ಅದೇ ಇಲಿಗೆ, ಅದೇ ಕಪ್ಪೆಗೆ. ಮಲೆನಾಡಿನಲ್ಲಿ ಕೇರೆಯನ್ನು ತಿನ್ನಲು ಕಾಳಿಂಗ ಸರ್ಪ ಬರುವುದೂ ಉಂಟು, ಅದರ ಮುಖ್ಯ ಆಹಾರವೇ ಬೇರೆ ಹಾವುಗಳು. ಹಾಗಾಗಿ ಕೇರೆ ನಿಮ್ಮ ಮನೆಗೆ ಕಾವಲುಗಾರ ಅಂತ ನಾನು ಹೇಳುವುದಿಲ್ಲ. ಇಲಿಯನ್ನು ಕಮ್ಮಿ ಮಾಡುತ್ತದೆ, ಅಷ್ಟು ಖಂಡಿತ, ಮತ್ತು ಇಲಿ ಕಮ್ಮಿಯಾದಷ್ಟೂ ವಿಷದ ಹಾವಿಗೆ ನಿಮ್ಮ ಅಂಗಳದಲ್ಲಿ ಕೆಲಸ ಕಮ್ಮಿ.

ಮೈದುನನಿಗೆ: ಕೇರೆಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿಡಿ, ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ವಿಷ ಇರುವ ನಾಗರ ಕಂಡರೆ ನಾವು ತನು ಎರೆಯುತ್ತೇವೆ, ಸತ್ತು ಸಿಕ್ಕರೆ ಸಂಸ್ಕಾರ ಮಾಡುತ್ತೇವೆ. ಯಾರಿಗೂ ಏನೂ ಮಾಡದ ಕೇರೆ ಕಂಡರೆ ದೊಣ್ಣೆ ಹುಡುಕುತ್ತೇವೆ. ಇದು ನ್ಯಾಯ ಅಲ್ಲ ಅಲ್ವಾ?

ಯಜಮಾನರಿಗೆ: ದೂರ ಬಿಡಿಸುವುದು ಹಾವಿಗೆ ಉಪಕಾರ ಅಂತ ಅನಿಸಬಹುದು. ಆದರೆ ಹೊಸ ಜಾಗದಲ್ಲಿ ಬಿಲ ಎಲ್ಲಿ, ನೀರು ಎಲ್ಲಿ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದಾಗ, ಬೇರೆ ಕಡೆಗೆ ಒಯ್ದು ಬಿಟ್ಟ ಹಾವು ತನ್ನ ಜಾಗದಲ್ಲೇ ಇದ್ದ ಹಾವಿಗಿಂತ ತುಂಬಾ ದೂರ ಅಲೆದಿತ್ತು. ಇತ್ತ ನಿಮ್ಮ ಇಲಿ ಹಾಗೇ ಇರುತ್ತದೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಹಾವು ಬರುತ್ತದೆ, ಅದು ಕೇರೆಯೇ ಆಗಿರಬೇಕು ಅಂತೇನಿಲ್ಲ.

ಅತ್ತೆಗೆ ಧೈರ್ಯ ಬರಲು ಒಂದು ಕೆಲಸ ಮಾಡಿ. ಸೌದೆಯನ್ನು ನೆಲಕ್ಕೆ ತಾಗಿಸದೆ ಒಂದಡಿ ಎತ್ತರದ ಕಲ್ಲಿನ ಮೇಲೆ, ಗೋಡೆಯಿಂದ ಸ್ವಲ್ಪ ಬಿಟ್ಟು ಪೇರಿಸಿ. ಆಗ ಅಡಿಯಲ್ಲಿ ಏನಿದೆ ಅಂತ ಬಗ್ಗಿ ನೋಡಬಹುದು. ಒಳಗೆ ಹೋಗುವ ಮೊದಲು ಕೋಲಿನಿಂದ ನೆಲಕ್ಕೆ ನಾಲ್ಕು ಸಲ ಕುಟ್ಟಲಿ, ನೆಲದ ಅದುರು ತಿಳಿದು ಅದು ಸರಿದು ಹೋಗುತ್ತದೆ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಬೇಡ. ಕೋಳಿ ಸಾಕಿದ್ದರೆ ಗೂಡಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ, ಕೇರೆ ಮರಿಕೋಳಿ ಬಿಡುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿದ್ದೇವೆ. ಅಕ್ಕಪಕ್ಕ ಖಾಲಿ ಸೈಟುಗಳು. ಬಚ್ಚಲ ಮನೆಯ ಗೋಡೆ ಮೇಲೆ ಒಂದಡಿಯ ಹಾವು, ಕಂದು ಮೈ, ಬಿಳಿ ಪಟ್ಟಿ. ಕಟ್ಟು ಹಾವು ಅಂತ ಪಕ್ಕದವರು ಹೊಡೆದರು. ಆಮೇಲೆ ಒಬ್ಬರು ಫೋಟೋ ನೋಡಿ ಅದು ತೋಳ ಹಾವು, ವಿಷ ಇಲ್ಲ ಅಂದರು. ಹೇಗೆ ಗುರುತಿಸುವುದು?

ಉತ್ತರ: ನಿಮ್ಮ ಪಕ್ಕದವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಈ ಎರಡರ ವಿಷಯದಲ್ಲಿ ಪಳಗಿದವರೂ ಎರಡು ಸಲ ನೋಡುತ್ತಾರೆ. ತೋಳ ಹಾವಿನ ಪಟ್ಟಿಗಳು ಕತ್ತಿನ ಹತ್ತಿರವೇ ಶುರುವಾಗಿ ಬಾಲದ ಕಡೆಗೆ ಹೋಗುತ್ತಾ ಮಾಸುತ್ತವೆ. ಕಟ್ಟು ಹಾವಿನಲ್ಲಿ ಸಾಮಾನ್ಯವಾಗಿ ತಲೆಯಿಂದ ಸ್ವಲ್ಪ ದೂರ ಬರೀ ಕಪ್ಪು, ಆಮೇಲೆ ಪಟ್ಟಿ ಶುರುವಾಗಿ ಬಾಲದವರೆಗೂ ಎದ್ದು ಕಾಣುತ್ತದೆ. ಕಟ್ಟು ಹಾವಿನ ಬೆನ್ನ ನಡುವೆ ಒಂದು ಸಾಲು ದೊಡ್ಡ ಆರುಮೂಲೆ ಹುರುಪೆಗಳಿವೆ, ತೋಳ ಹಾವಿಗೆ ಅದಿಲ್ಲ. ತೋಳ ಹಾವು ಒರಟು ಗೋಡೆಯನ್ನು ಸಲೀಸಾಗಿ ಹತ್ತುತ್ತದೆ, ಅದು ಬರುವುದೇ ಹಲ್ಲಿಗಾಗಿ. ನಿಮ್ಮ ಬಚ್ಚಲ ದೀಪಕ್ಕೆ ಹುಳ ಬಂತು, ಹುಳಕ್ಕೆ ಹಲ್ಲಿ ಬಂತು, ಹಲ್ಲಿಗೆ ಈ ಹಾವು ಬಂತು.

ಆದರೆ ಇದನ್ನೆಲ್ಲ ಓದಿಕೊಂಡು ಯಾರೂ ಕೈ ಹಾಕಬೇಡಿ. ಪಟ್ಟಿ ಇರುವ ಹಾವು ಮನೆಯೊಳಗೆ ಕಂಡರೆ ಕಟ್ಟು ಹಾವು ಅಂತಲೇ ತಿಳಿದು ನಡೆದುಕೊಳ್ಳಿ. ಬಾಗಿಲು ಹಾಕಿ, ಅಡಿಯಲ್ಲಿ ಬಟ್ಟೆ ತುರುಕಿ, ಉರಗ ರಕ್ಷಕರನ್ನು ಕರೆಯಿರಿ. ಅವರು ಬಂದು ತೋಳ ಹಾವು ಅಂದರೆ ಅಂಗಳದ ಆಚೆ ಬಿಟ್ಟರೆ ಸಾಕು. ಕಟ್ಟು ಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು ಶುರುವಾದರೆ ಅನುಮಾನ ಪಡಲೇಬೇಕು. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ನಿಮ್ಮ ಭಯ ಸುಮ್ನೆ ಅಲ್ಲ, ನನಗೆ ಗೊತ್ತು. ಆದರೆ ದೇಶದಲ್ಲಿರುವ 300ಕ್ಕೂ ಹೆಚ್ಚು ಜಾತಿಯ ಹಾವುಗಳಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣ ನಾಲ್ಕೇ ನಾಲ್ಕು: ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಯಾವ ಹಾವು ಕಚ್ಚಿದರೂ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಹಾವನ್ನು ಹುಡುಕುತ್ತಾ ನಿಲ್ಲಬೇಡಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ಕಚ್ಚಿದ್ದು ತೋಳ ಹಾವೇ ಇರಬಹುದು ಅಂತ ನಿಮಗೆ ಅನಿಸಿದರೂ ಹೋಗಿ.

ಪ್ರಶ್ನೆ: ಹೂಕುಂಡ ಬದಲಾಯಿಸುವಾಗ ಮಣ್ಣಲ್ಲಿ ಎರೆಹುಳದಂಥ ಕಪ್ಪು ಹಾವು ಸಿಕ್ಕಿತು. ಕಿವಿಗೆ ಹೋಗುತ್ತದೆ ಅಂತಾರಲ್ಲ?

ಉತ್ತರ: ಇಲ್ಲ. ಅದು ಹುಳು ಹಾವು, ಕುರುಡು ಹಾವು ಅಂತಲೂ ಕರೆಯುತ್ತಾರೆ. ಕಣ್ಣು ಎರಡು ಚುಕ್ಕೆ ಅಷ್ಟೇ. ಇರುವೆ ಮತ್ತು ಗೆದ್ದಲಿನ ಮೊಟ್ಟೆ ಮರಿ ತಿನ್ನುತ್ತದೆ. ಇವುಗಳಲ್ಲಿ ಗಂಡೇ ಇಲ್ಲ, ಎಲ್ಲವೂ ಹೆಣ್ಣು, ಗಂಡಿನ ಸಹವಾಸವಿಲ್ಲದೆ ಮೊಟ್ಟೆಯಿಡುತ್ತವೆ. ಹೂಕುಂಡದ ಮಣ್ಣಿನ ಜೊತೆ ಸಾಗಿ ಸಾಗಿ ಪ್ರಪಂಚದ ಎಷ್ಟೋ ದೇಶಗಳಿಗೆ ಹರಡಿದ ಪುಟ್ಟ ಜೀವ. ಮಣ್ಣಿನ ಸಮೇತ ಎತ್ತಿ ತೋಟದ ನೆರಳಲ್ಲಿ ಬಿಡಿ.

ಪ್ರಶ್ನೆ: ತರಕಾರಿ ತೋಟಕ್ಕೆ ನೈಲಾನ್ ಬಲೆ ಕಟ್ಟಿದ್ದೇನೆ. ಎರಡು ಸಲ ಕೇರೆ ಸಿಕ್ಕಿಕೊಂಡು ಸತ್ತಿತು. ಏನು ಮಾಡಬಹುದು?

ಉತ್ತರ: ನನ್ನ ತೋಟದಲ್ಲೂ ಇದು ಆಗಿದೆ. ಮೀನಿನ ಹಳೇ ಬಲೆ ತಂದು ಬದನೆ ಪಾತಿಗೆ ಕಟ್ಟಿದ್ದೆ. ಎರಡು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಕೇರೆಯೊಂದು ಮೂರು ಕಡೆ ಸಿಕ್ಕಿಕೊಂಡಿತ್ತು, ದಾರ ಹುರುಪೆಯ ಅಡಿಗೆ ಇಳಿದು ಚರ್ಮ ಕೆಂಪಾಗಿತ್ತು. ಉರಗ ರಕ್ಷಕರು ಬಂದು ತಲೆಯ ಹಿಂದೆ ಹಿಡಿದುಕೊಂಡರು, ನಾನು ಉಗುರು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಕೈಯಡಿ ಅದರ ಉಸಿರು ಏರಿಳಿಯುವುದು ಗೊತ್ತಾಗುತ್ತಿತ್ತು. ನೀರು ಚಿಮುಕಿಸಿದೆವು, ಬಿಟ್ಟ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಇದ್ದು ಬಾಳೆ ಬುಡಕ್ಕೆ ಸರಿಯಿತು.

ಅವತ್ತೇ ಬಲೆ ಬಿಚ್ಚಿದೆ. ಈಗ ಬಿದಿರಿನ ದಬ್ಬೆ ಬೇಲಿ. ಬಲೆ ಬೇಕೇ ಬೇಕು ಅಂದರೆ ಕೆಳಗಿನ ಒಂದಡಿ ಬಿಟ್ಟು ಬಿಗಿಯಾಗಿ ಎಳೆದು ಕಟ್ಟಿ, ಅಷ್ಟಕ್ಕೆ ದಬ್ಬೆ ಅಥವಾ ತಗಡು ಹಾಕಿ. ಸಡಿಲ ಬಲೆ ನೆಲದ ಮೇಲೆ ಮುದ್ದೆಯಾಗಿ ಬಿದ್ದಿರುವಲ್ಲೇ ಹಾವು ಸಿಕ್ಕುವುದು. ದಿನಾ ಬೆಳಿಗ್ಗೆ ಒಂದು ಸುತ್ತು ಹಾಕಿ ನೋಡಿ. ಸಿಕ್ಕಿದ್ದು ಕಂಡರೆ ಎಳೆಯಬೇಡಿ, ಮೇಲೆ ಒದ್ದೆ ಗೋಣಿ ಹೊದಿಸಿ ನೆರಳು ಮಾಡಿ, ಉರಗ ರಕ್ಷಕರಿಗೆ ಫೋನ್ ಮಾಡಿ.